ಹಾಂಗ್‌ಕಾಂಗಿನ ರಾಗಕ್ಕೆ ಅಕ್ಕನ ತುಟಿ

ನಮ್ಮ ಕಾನ್ವೆಂಟಿನಲ್ಲಿ ಸಂಗೀತ ಕಲಿಸುತ್ತಿದ್ದ ಸಿಸ್ಟರ್ ಸಿಟ್ಟು ಬಂದಾಗ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಆ ಅಭ್ಯಾಸ ನನಗೂ ಅಂಟಿತು. ಮದುವೆಯಾಗಿ ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಬಂದಾಗ ಎಲ್ಲರೂ ಅದನ್ನು ಸಾಧುತನ ಎಂದುಕೊಂಡರು. ಚಿಕ್ಕ ಸೊಸೆ ಹಸು ಇದ್ದ ಹಾಗೆ ಎಂದು ನಮ್ಮತ್ತೆ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಹಸುವಿಗೂ ಕೊಂಬಿರುತ್ತದೆ ಎನ್ನುವುದು ಆ ಮನೆಯಲ್ಲಿ ಯಾರಿಗೂ ಬಹಳ ವರ್ಷ ಹೊಳೆಯಲಿಲ್ಲ. ನನ್ನ ವಾರಗಿತ್ತಿಗಂತೂ ಹೊಳೆಯಲೇ ಇಲ್ಲ. ಅವರು ನಮ್ಮ ಭಾವನವರ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಈಗಲೂ ಅಕ್ಕ ಎಂದೇ ಕರೆಯುತ್ತೇನೆ.

ಸಿಸ್ಟರ್ ಮಂಗಳೂರು ಕಡೆಯವರು. ನಮ್ಮ ಶಾಲೆಗೆ ಬರುವ ಮೊದಲು ಹಾಂಗ್‌ಕಾಂಗಿನಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಬಹಳ ಕಾಲ ಇದ್ದರು. ಅಲ್ಲಿಂದ ಬರುವಾಗ ತಮ್ಮ ತಗಡಿನ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕ್ಯಾಸೆಟ್ಟು ತುಂಬಿಕೊಂಡು ಬಂದಿದ್ದರು. ಶನಿವಾರ ಪ್ರಾರ್ಥನೆಯ ಹಾಡುಗಳನ್ನು ತಪ್ಪಿಲ್ಲದೆ ಒಪ್ಪಿಸಿದರೆ ಒಂದು ಕ್ಯಾಸೆಟ್ಟು ಹಾಕುತ್ತಿದ್ದರು. ಅದು ಕ್ಯಾಂಟೊನೀಸ್ ಎನ್ನುವ ಅಲ್ಲಿಯ ಚೀನೀ ಭಾಷೆಯ ಸಿನಿಮಾ ಹಾಡಿನಂಥ ಹಾಡು, ಆದರೆ ಸಿನಿಮಾದ್ದಲ್ಲ. ಆ ಊರಿನಲ್ಲಿ ಹಾಡುಗಾರರೇ ನಾಯಕರು, ಹಾಡುಗಾರ್ತಿಯರೇ ನಾಯಕಿಯರು. ಅವರ ಪಟ ಬಸ್ಸಿನ ಮೈಮೇಲೆಲ್ಲ ಇರುತ್ತಿತ್ತಂತೆ.

ಆ ಭಾಷೆಯಲ್ಲಿ ಒಂದು ಮಾತಿನ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಹಾಗಾಗಿ ಹಾಡು ಬರೆಯುವವರು ರಾಗ ಏರುವ ಕಡೆ ಏರುವ ಮಾತನ್ನೇ, ಇಳಿಯುವ ಕಡೆ ಇಳಿಯುವ ಮಾತನ್ನೇ ಹುಡುಕಿ ಕೂರಿಸಬೇಕು. ರಾಗ ಎಷ್ಟೋ ಸಲ ಜಪಾನಿನಿಂದ ಎರವಲು ಬಂದದ್ದು. ಮಾತು ಮಾತ್ರ ಅವರದ್ದು, ಮೈಯಳತೆಗೆ ಹೊಲಿದ ರವಿಕೆಯ ಹಾಗೆ. ಸಿಸ್ಟರ್ ಕ್ಯಾಸೆಟ್ಟಿನ ಕಾಗದ ಬಿಚ್ಚಿ ಬೆರಳಿಟ್ಟು ತೋರಿಸುತ್ತಿದ್ದರು: ಇಲ್ಲಿ ನೋಡಿ, ರಾಗ ಯಾರದ್ದು, ಇಲ್ಲಿ ಮಾತು ಯಾರದ್ದು. ಅಕ್ಷರ ಎಷ್ಟು ಸಣ್ಣದಿದ್ದರೂ ಹೆಸರು ಇದ್ದೇ ಇರುತ್ತಿತ್ತು.

ಸಂತರ ಚರಿತ್ರೆ ಹೇಳುವ ಗಾಂಭೀರ್ಯದಲ್ಲೇ ಅವರು ಆ ಹಾಡುಗಾರರ ಬದುಕನ್ನೂ ಹೇಳುತ್ತಿದ್ದರು. ಹೋಟೆಲಿನಲ್ಲಿ ಜನ ಊಟ ಮಾಡುತ್ತಿರುವಾಗ, ಯಾರೂ ತಲೆಯೆತ್ತಿ ನೋಡದಿದ್ದರೂ ಹಾಡಿ ಹಾಡಿ ಗಂಟಲು ಪಳಗಿಸಿಕೊಂಡವರು. ಸ್ಪರ್ಧೆಗೆ ಹೋಗಿ ಕಂಪನಿಯ ಕಣ್ಣಿಗೆ ಬಿದ್ದವರು. ಕಂಪನಿ ಮೊದಲು ಹೆಸರು ಬದಲಾಯಿಸುತ್ತಿತ್ತು, ಆಮೇಲೆ ಕೂದಲು, ಆಮೇಲೆ ನಡಿಗೆ. ರೆಕಾರ್ಡು ಹೆಚ್ಚು ಹೋದರೆ ರಾಣಿ ಎನ್ನುತ್ತಿದ್ದರು, ಇನ್ನೊಬ್ಬಳ ರೆಕಾರ್ಡು ಅದಕ್ಕಿಂತ ಹೆಚ್ಚು ಹೋದ ದಿನ ಕಿರೀಟ ಅತ್ತ ಹೋಗುತ್ತಿತ್ತು. ಆದರೆ ಕೊನೆಯ ತೀರ್ಮಾನ ಒಂದು ದೊಡ್ಡ ಸಭಾಂಗಣದಲ್ಲಿ. ಜನ ಸುತ್ತ ಕೂತಿರುತ್ತಾರೆ, ಹಾಡುಗಾರ್ತಿ ನಡುವೆ ನಿಲ್ಲುತ್ತಾಳೆ, ಒಂದು ರಾತ್ರಿಯಲ್ಲ, ಸಾಲಾಗಿ ಎಷ್ಟೋ ರಾತ್ರಿ. ಕ್ಯಾಸೆಟ್ಟಿನಲ್ಲಿ ಯಾರನ್ನು ಬೇಕಾದರೂ ಹಾಡಿಸಬಹುದು ಮಕ್ಕಳೇ, ಅಲ್ಲಿ ನಿಂತು ಹಾಡಬೇಕು ಎನ್ನುತ್ತಿದ್ದರು.

ಅವರಲ್ಲಿ ಒಬ್ಬಾಕೆ ನನಗೆ ಅಚ್ಚುಮೆಚ್ಚು. ದನಿ ಸ್ವಲ್ಪ ದಪ್ಪ, ಬೆಲ್ಲ ಕರಗಿಸುವಾಗ ಕೆಳಗೆ ಕೂತ ಪಾಕದ ಹಾಗೆ. ಅವಳಿಗೆಂದು ಕಟ್ಟಿಸಿದ ಹಾಡನ್ನು ಕಂಪನಿಯವರು ಹೊಸದಾಗಿ ಬಂದ ಎಳೆಯ ಹುಡುಗಿಗೆ ಕೊಟ್ಟುಬಿಟ್ಟರಂತೆ. ಇವಳು ಜಗಳವಾಡಲಿಲ್ಲ, ಪತ್ರಿಕೆಯವರ ಮುಂದೆ ಅಳಲಿಲ್ಲ. ಕರಾರು ಮುಗಿಯುವವರೆಗೂ ಬೇರೆಯವರ ಹಿಂದೆ ನಿಂತು ದನಿಗೂಡಿಸಿದಳು. ಮುಗಿದ ಮೇಲೆ ಆ ದೊಡ್ಡ ಸಭಾಂಗಣಕ್ಕೆ ಬಂದು, ಹಳೆಯ ಯಜಮಾನರನ್ನೆಲ್ಲ ಮುಂದಿನ ಸಾಲಿಗೆ ಕರೆಸಿ ಕೂರಿಸಿ, ಅದೇ ಹಾಡನ್ನು ಹಾಡಿ, ಅವರ ಕಡೆಗೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ಸಿಸ್ಟರ್ ಇದನ್ನು ತಾಳ್ಮೆಯ ಪಾಠವೆಂದು ಹೇಳಿದರು. ಮುಂದಿನ ಸಾಲಿನಲ್ಲಿ ಕೂತವರ ಮುಖ ಹೇಗಿದ್ದಿರಬಹುದು ಎಂದು ನಾನು ಯೋಚಿಸುತ್ತಿದ್ದೆ.

ಆಕೆಯ ಒಂದು ಹಾಡನ್ನು ಸಿಸ್ಟರ್ ಕರಿಹಲಗೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಬರೆದು ನಮಗೆ ಬಾಯಿಪಾಠ ಮಾಡಿಸಿದ್ದರು. ಬೇರೆ ಹುಡುಗಿಯರು ಮರೆತರು. ನಾನು ಮರೆಯಲಿಲ್ಲ.

ಮಗ್ಗದ ಮನೆಗೆ ಬಂದ ಮೇಲೆ ಮೊದಲು ಕಲಿಯಬೇಕಾದದ್ದು ದನಿಯಿಲ್ಲದೆ ಮಾತಾಡುವುದು. ಮನೆಯ ಹಿಂಭಾಗದಲ್ಲೇ ಮಗ್ಗದ ಶೆಡ್ಡು. ಕರೆಂಟಿನ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ಪಕ್ಕದಲ್ಲಿ ನಿಂತವರ ಕೂಗೂ ಕೇಳಿಸದು. ಇಲ್ಲಿಯ ಜನ ತುಟಿ ನೋಡಿ ಮಾತು ತಿಳಿಯುತ್ತಾರೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ತುಟಿಯಾಡಿಸಿದರೆ ಶೆಡ್ಡಿನ ಆ ತುದಿಯಲ್ಲಿರುವ ಮಾವನವರಿಗೆ ಅನ್ನ ಆಯಿತೆಂದು ಗೊತ್ತಾಗುತ್ತಿತ್ತು. ಮೊದಲ ವರ್ಷ ನನಗೆ ಏನೂ ತಿಳಿಯುತ್ತಿರಲಿಲ್ಲ. ಅಕ್ಕ ಎಲ್ಲರ ಮುಂದೆ ನನ್ನ ಬಗ್ಗೆ ತುಟಿಯಲ್ಲೇ ಏನೋ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎರಡನೆಯ ವರ್ಷ ತಿಳಿಯತೊಡಗಿತು. ಆಮೇಲೆ ನಗಲಿಲ್ಲ.

ಮಗ್ಗದ ಮನೆಯ ಕೂಸುಗಳು ಸದ್ದಿದ್ದರೆ ನಿದ್ದೆ ಮಾಡುತ್ತವೆ, ಸದ್ದು ನಿಂತರೆ ಎದ್ದು ಅಳುತ್ತವೆ. ನನ್ನ ಮಗಳು ಹುಟ್ಟಿದ ಬೇಸಗೆಯಲ್ಲಿ ಮಧ್ಯಾಹ್ನ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಮಗ್ಗ ನಿಂತ ಕೂಡಲೇ ಬೆಚ್ಚಿ ಎದ್ದು ಕಿರುಚುತ್ತಿದ್ದಳು. ಆಗ ಆ ದಪ್ಪ ದನಿಯವಳ ರಾಗಕ್ಕೆ ನಾನು ಕನ್ನಡದ ಮಾತು ಕೂರಿಸಿದೆ. ಅಲ್ಲಿಯವರು ಮಾಡುತ್ತಿದ್ದ ಹಾಗೆಯೇ, ರಾಗ ಏರಿದ ಕಡೆ ದೀರ್ಘ, ಇಳಿದ ಕಡೆ ಹ್ರಸ್ವ ನೋಡಿ ನೋಡಿ ಕಟ್ಟಿದೆ.

ಲಾಳಿ ಮಲಗಿತು, ನೂಲು ಮಲಗಿತು,
ನೀನೊಬ್ಬಳೇಕೆ ಎದ್ದೆ ಕಂದ,
ಬೆಳಕು ಬಂದರೆ ಬರಲಿ ಬಿಡು,
ಬರುವ ತನಕ ನಾನಿಲ್ಲವೇ.

ಹೀಗೆ ಎರಡು ನುಡಿ. ರಾಗ ನನ್ನದಲ್ಲ, ನನ್ನದೆಂದು ಯಾವತ್ತೂ ಹೇಳಿಲ್ಲ. ಮಾತು ನನ್ನದು. ದನಿ ನನ್ನದು. ಕೇಳಿ ಮಲಗಿದವಳು ನನ್ನ ಮಗಳು.

ಕೈಗೆ ಒಳ್ಳೆಯ ಫೋನು ಬಂದ ಮೇಲೆ ಆ ಹಾಡುಗಾರರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿಕೊಂಡೆ. ಹುರುಳಿಕಾಯಿ ಸೋಸುತ್ತ ನೋಡುತ್ತಿದ್ದೆ. ಕೆಲವರು ಚೀನಾದ ದೊಡ್ಡ ಮಾರುಕಟ್ಟೆ ಬೇಕೆಂದು ಕ್ಯಾಂಟೊನೀಸ್ ಬಿಟ್ಟು ಮ್ಯಾಂಡರಿನ್‌ನಲ್ಲಿ ಹಾಡತೊಡಗಿದ್ದರು. ಕೆಲವರು ಸಿನಿಮಾಕ್ಕೆ ಹೋಗಿ ಗಂಟಲು ಕಳೆದುಕೊಂಡಿದ್ದರು. ನನ್ನ ಆ ದಪ್ಪ ದನಿಯವಳು ಬಹಳ ವರ್ಷ ಕಾಣೆಯಾಗಿದ್ದು, ಕೂದಲು ನರೆತ ಮೇಲೆ ಮತ್ತೆ ಅದೇ ಸಭಾಂಗಣಕ್ಕೆ ಬಂದಿದ್ದಳು. ಸೋಫಾದ ಮೇಲೆ ಕೂತ ಅಕ್ಕ ಇದೇನಮ್ಮ ಬಾಗಿಲಿಗೆ ಬೆಕ್ಕಿನ ಬಾಲ ಸಿಕ್ಕಿಕೊಂಡ ಹಾಗೆ ಎನ್ನುತ್ತಿದ್ದರು. ನಾನು ಸದ್ದು ಕಡಿಮೆ ಮಾಡುತ್ತಿದ್ದೆ.

ನಮ್ಮ ಮನೆಯ ಸೀರೆಗಳನ್ನು ಫೋನಿನಲ್ಲಿ ತೋರಿಸಿ ಮಾರುವ ಯೋಚನೆ ಬಂದಾಗ ಯೂಟ್ಯೂಬಿನಲ್ಲಿ ಖಾತೆ ತೆರೆದದ್ದು ನಾನು. ಇಂಗ್ಲಿಷು ಬರುವವಳು ನಾನೊಬ್ಬಳೇ ಆದ್ದರಿಂದ ಬರೆಯುವುದು, ಹಾಕುವುದು, ಉತ್ತರ ಕೊಡುವುದು ನನ್ನ ಪಾಲಿಗೆ. ಸೀರೆ ಉಟ್ಟು ನಿಲ್ಲುವುದು ಅಕ್ಕನ ಪಾಲಿಗೆ. ಅವರಿಗೆ ಅದು ಒಪ್ಪುತ್ತಿತ್ತು, ಸುಳ್ಳೇಕೆ ಹೇಳಲಿ. ಎತ್ತರ, ಬಣ್ಣ, ಸೆರಗನ್ನು ತೋಳಿನ ಮೇಲೆ ಬಿಡುವ ರೀತಿ, ಎಲ್ಲ ಚೆನ್ನ.

ಅವರ ಮಗಳು ಬಾಣಂತನಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಗಿ ಕೂಸು ಎದ್ದಿತು. ತೊಟ್ಟಿಲ ಬಳಿ ಕೂತು ನಾನು ನನ್ನ ಜೋಗುಳ ಹಾಡಿದೆ. ಬಾಗಿಲ ಮರೆಯಲ್ಲಿ ನಿಂತು ಅಕ್ಕ ಅದನ್ನು ಫೋನಿನಲ್ಲಿ ಹಿಡಿದುಕೊಂಡದ್ದು ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಜಂತಾ ಅಂಚಿನ ಹೊಸ ಸೀರೆಯುಟ್ಟು, ನನ್ನ ದನಿಗೆ ತಮ್ಮ ತುಟಿಯಾಡಿಸಿ ವಿಡಿಯೋ ಮಾಡಿಸಿದರು. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ತುಟಿ. ಒಂದಕ್ಷರ ಆಚೀಚೆ ಆಗಿರಲಿಲ್ಲ. ಇದನ್ನ ಹಾಕು ಎಂದು ಫೋನು ನನ್ನ ಕೈಗೇ ಕೊಟ್ಟರು. ಹಾಡು ನನ್ನದೆಂದು ಕೆಳಗೆ ಒಂದು ಸಾಲು ಸೇರಿಸಬಹುದಲ್ಲ ಎಂದೆ.

"ದನಿ ನಿಂದು ಚೆನ್ನಾಗೈತೆ, ಮುಖ ನಂದು ಚೆನ್ನಾಗೈತೆ. ಒಂದೇ ಮನೇದಲ್ವೇನೇ? ಸೀರೆ ವಿಡಿಯೋದಾಗೆ ನಿನ್ನ ಹೆಸರ್ಯಾಕೆ?" ಎಂದರು ಅಕ್ಕ.

ಆ ವಿಡಿಯೋ ಊರೂರು ಓಡಿತು. ಜೋಗುಳದಮ್ಮ ಎಂದು ಅಕ್ಕನಿಗೆ ಹೆಸರೇ ಬಿತ್ತು. ಸಂತೆಯಲ್ಲಿ ಹೆಂಗಸರು ನಿಲ್ಲಿಸಿ ಮಾತಾಡಿಸುತ್ತಿದ್ದರು. ನಮ್ಮವರ ಹತ್ತಿರ ಹೇಳಿಕೊಂಡೆ. ಯಾರ ದನಿಯಾದರೇನು, ಸೀರೆ ಹೋಗುತ್ತಿದೆಯಲ್ಲ ಎಂದು ಅವರು ಮಗ್ಗದ ಕಡೆ ನಡೆದರು. ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ದಿನ ಊರಿನ ಕೇಬಲ್ಲಿನವರು ಬಂದು ಮೈಕು ಹಿಡಿದಾಗ ಅಕ್ಕ ಹೇಳಿದ್ದು ಇದು: ಈ ಹಾಡು ನಾನೇ ಕಟ್ಟಿದ್ದು, ನಮ್ಮನೆ ಮಕ್ಕಳನ್ನೆಲ್ಲ ಇದನ್ನೇ ಹಾಡಿ ಮಲಗಿಸಿದ್ದು, ನನ್ನ ವಾರಗಿತ್ತಿ ಮಗಳನ್ನೂ. ಅವಳಮ್ಮನಿಗೆ ಪಾಪ ಕೂಸು ಹಿಡಿಯೋಕೇ ಬರ್ತಿರಲಿಲ್ಲ.

ಅದನ್ನು ನೋಡಿ ಮುಗಿಸಿ ನನ್ನ ಮಗಳು ಅಡುಗೆಮನೆಗೆ ಬಂದಳು. ಅವಳೀಗ ಹೈಸ್ಕೂಲಿನಲ್ಲಿದ್ದಾಳೆ. ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, ನನ್ನ ಕಡೆ ನೋಡದೆಯೇ ಕೇಳಿದಳು.

"ಅಮ್ಮ, ನಂಗೆ ದೊಡ್ಡಮ್ಮ ಹಾಡ್ತಿದ್ರಾ? ನಾನು ನೀನು ಅಂದ್ಕೊಂಡಿದ್ದೆ."

ಅವಳಿಗೆ ಆಗ ಮಾತಿನಲ್ಲಿ ಉತ್ತರ ಕೊಡಲಿಲ್ಲ. ನಾನು ಹೌದೆಂದರೂ ಅಲ್ಲವೆಂದರೂ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು, ಅಷ್ಟೇ ಆಗುತ್ತಿತ್ತು. ಅವಳು ತನ್ನ ಕಿವಿಯಿಂದಲೇ ಕೇಳಬೇಕು, ಊರೂ ಕೇಳಬೇಕು. ಆ ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯುವುದನ್ನೇ ನೋಡುತ್ತ ನಿಂತಿದ್ದೆ.

ಅವಕಾಶ ತಾನಾಗಿ ಬಂತು. ನಮ್ಮ ಬಡಾವಣೆಯ ಮಹಿಳಾ ಸಂಘದವರು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅಕ್ಕನನ್ನು ಹಾಡಲು ಕರೆದರು. ಅಕ್ಕ ಸಂಕೋಚವೇ ಇಲ್ಲದೆ ನನ್ನ ಹತ್ತಿರ ಬಂದು, ವಾದ್ಯ ಸೇರಿಸಿ, ದನಿಯೂ ಇರುವ ಒಂದು ಟ್ರ್ಯಾಕು ಮಾಡಿಕೊಡು ಎಂದರು. ಅದನ್ನು ಸ್ಪೀಕರಿಗೆ ಹಾಕಿಸಿ ಮೈಕು ಬಂದ್ ಮಾಡಿಸಿಕೊಂಡು ನಿಲ್ಲುವುದು ಅವರ ಲೆಕ್ಕ. ಆಗಲಿ ಅಕ್ಕ, ಚೆನ್ನಾಗಿ ಮಾಡಿಕೊಡುತ್ತೇನೆ ಎಂದೆ.

ಅಮಾವಾಸ್ಯೆಯ ದಿನ ಮಗ್ಗ ನಿಲ್ಲಿಸುತ್ತಾರೆ. ಅವತ್ತು ಬೀರುವಿನ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಜಮಖಾನ ಇಳಿಬಿಟ್ಟು ಹಾಡಿದೆ. ಆ ರಾಗದ ವಾದ್ಯ ಮಾತ್ರ ಇರುವ ಟ್ರ್ಯಾಕು ಫೋನಿನಲ್ಲೇ ಸಿಗುತ್ತದೆ, ಅಲ್ಲಿಯವರಿಗೂ ನಮ್ಮಂತೆಯೇ ಕರೋಕೆಯ ಹುಚ್ಚು. ಮೊದಲ ನುಡಿ ಕನ್ನಡದಲ್ಲಿ ಹಾಡಿದೆ. ನಡುವೆ ಕೊಳಲು ಬರುತ್ತದೆ. ಕೊಳಲು ಮುಗಿದ ಮೇಲೆ ಎರಡನೆಯ ನುಡಿಯನ್ನು ಸಿಸ್ಟರ್ ಕಲಿಸಿದ ಹಾಗೆ ಕ್ಯಾಂಟೊನೀಸಿನಲ್ಲಿ ಹಾಡಿದೆ. ಇಷ್ಟು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಹಾಡಿದ್ದು ಅದೊಂದೇ ಸಲ ಎನ್ನಿಸುತ್ತದೆ.

ಅಕ್ಕ ಅದನ್ನು ಕೂತು ಕೇಳಿದ್ದರೆ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಮಗ್ಗದ ಮನೆಯವರು, ಕೇಳಿ ನೋಡುವುದಕ್ಕಿಂತ ನೋಡಿ ಒಪ್ಪುವುದೇ ರೂಢಿ. ಶೆಡ್ಡಿನಲ್ಲಿ ನಿಂತು, ಮಗ್ಗಗಳು ಬಡಿಯುತ್ತಿದ್ದಾಗಲೇ ಫೋನನ್ನು ಕಿವಿಗೆ ಒತ್ತಿಕೊಂಡು ಮೊದಲ ನುಡಿಗೆ ತುಟಿ ಹೊಂದಿಸಿ ನೋಡಿದರು. ಕೊಳಲು ಶುರುವಾಗುತ್ತಲೇ ಫೋನು ವಾಪಸು ಕೊಟ್ಟು ಸರಿಯಾಗೈತೆ ಎಂದು ತುಟಿಯಾಡಿಸಿದರು. ನಾನು ತಲೆಯಾಡಿಸಿದೆ.

ಕಾರ್ಯಕ್ರಮ ಸಂಜೆ, ಕಲ್ಯಾಣ ಮಂಟಪದಲ್ಲಿ. ಕೆಂಪು ಹಳದಿ ಬಾವುಟದ ಸರ, ಪ್ಲಾಸ್ಟಿಕ್ ಕುರ್ಚಿ, ಬಾಗಿಲಲ್ಲಿ ಪನ್ನೀರು. ಮಗ್ಗದವರೆಲ್ಲ ಬೇಗ ಕೆಲಸ ನಿಲ್ಲಿಸಿ ಬಂದಿದ್ದರು. ನಾನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರನೆಯ ಸಾಲಿನಲ್ಲಿ ಕೂತೆ. ಬರುವುದಿಲ್ಲ, ಓದುವುದಿದೆ ಎಂದವಳನ್ನು ನಾನೇ ಬಲವಂತ ಮಾಡಿ ಕರೆತಂದಿದ್ದೆ. ಅಕ್ಕ ಗಿಣಿಹಸಿರು ಸೀರೆಯುಟ್ಟು, ಕೊಂಡೆ ಇಳಿಬಿಟ್ಟ ಜಡೆ ಹಾಕಿಕೊಂಡು ಬಂದರು. ಮೈಕನ್ನು ಎರಡು ಬೆರಳಲ್ಲಿ ಹಿಡಿದ ರೀತಿಯೂ ಸೊಗಸಾಗಿತ್ತು.

ಮೊದಲ ನುಡಿಗೆ ಹೆಂಗಸರ ತಲೆ ತೂಗಿದವು. ಕೊಳಲು ಬಂತು. ಅಕ್ಕ ಸಭೆಯ ಕಡೆಗೆ ನಗು ಬೀರಿದರು. ಕೊಳಲು ಮುಗಿಯಿತು.

ಬೇರೆ ಊರಾಗಿದ್ದರೆ ಜನ ಸ್ಪೀಕರಿನ ಕಡೆ ತಿರುಗಿ, ಇದೇನು ಭಾಷೆ ಎಂದು ಗಲಿಬಿಲಿಗೊಂಡು ಅಲ್ಲಿಗೇ ಬಿಡುತ್ತಿದ್ದರೇನೋ. ನಮ್ಮೂರಿನವರು ಅಕ್ಕನ ತುಟಿ ನೋಡಿದರು. ತುಟಿ ನನ್ನ ಎರಡನೆಯ ನುಡಿಯನ್ನು ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿತ್ತು. ಕಿವಿಗೆ ಬೀಳುತ್ತಿದ್ದದ್ದು ಹಾಂಗ್‌ಕಾಂಗು. ಒಂದು ಸಾಲು ಹಾಗೆಯೇ ನಡೆಯಿತು. ಅರ್ಧ ಸಾಲಿನಲ್ಲಿ ಅಕ್ಕನಿಗೆ ತಿಳಿಯಿತು. ಬಾಯಿ ಮುಚ್ಚಿದರು. ಹಾಡು ನಿಲ್ಲಲಿಲ್ಲ. ಮೈಕು ಹಿಡಿದು, ಬಾಯಿ ಮುಚ್ಚಿಕೊಂಡು ಅವರು ನಿಂತಿದ್ದಾರೆ, ಸ್ಪೀಕರಿನಿಂದ ನನ್ನ ದನಿ ಹಾಯಾಗಿ ಮೇಲೇರುತ್ತಿದೆ. ಅದಕ್ಕಿಂತ ಸಿಹಿಯಾದದ್ದು ನನ್ನ ನಾಲಿಗೆಗೆ ಈವರೆಗೆ ತಾಕಿಲ್ಲ.

ನನ್ನ ಹಿಂದೆ ಕೂತ ಮುದುಕಿಯೊಬ್ಬರು ತಮ್ಮ ಸೊಸೆಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಬಾಯಿ ಮುಚ್ಕಂಡ್ರೂ ಹಾಡ್ತಾವ್ಳಲ್ಲೇ. ಹೊಟ್ಟೇಲಿ ಹಾಡ್ತಾವ್ಳೇನೋ."

ಟ್ರ್ಯಾಕು ನಿಲ್ಲಿಸಿದರು. ಸಂಘದ ಅಧ್ಯಕ್ಷೆ ಒಳ್ಳೆಯ ಹೆಂಗಸು, ಮಾನ ಮುಚ್ಚಲೆಂದೇ ಎದ್ದು ಬಂದು ಹೇಳಿದರು. "ಟ್ರ್ಯಾಕು ಕೆಟ್ಟೋಗಿರ್ಬೇಕು ಬಿಡಿ. ಅಕ್ಕ, ನೀವು ಹಂಗೇ ಹಾಡ್ಬಿಡಿ. ನೀವೇ ಕಟ್ಟಿದ ಹಾಡು ಅಲ್ವಾ, ಟ್ರ್ಯಾಕು ಯಾಕೆ?"

ಅಕ್ಕ ಸಭೆಯಲ್ಲಿ ನನ್ನನ್ನು ಹುಡುಕಿದರು. ನಾನು ಕಣ್ಣಿಗೆ ಬಿದ್ದೆ. ದನಿಯಿಲ್ಲದೆ, ಬರೀ ತುಟಿಯಲ್ಲಿ, ಮೇಲಕ್ಕೆ ಬಾರೇ, ನನ್ನ ಮಾನ ಉಳಿಸೇ ಎಂದರು.

ನಾನೂ ತುಟಿಯಲ್ಲೇ ಉತ್ತರ ಕೊಟ್ಟೆ. ಅವರಿಗೂ, ಸುತ್ತ ಕೂತವರಿಗೂ ಕಾಣುವ ಹಾಗೆ, ನಿಧಾನವಾಗಿ.

"ಕೇಳಿಸ್ತಿಲ್ಲ ಅಕ್ಕ."

ಮೊದಲು ನಕ್ಕವರು ವೇದಿಕೆಯ ಪಕ್ಕದಲ್ಲಿ ನನ್ನ ಕಡೆ ಮುಖ ಮಾಡಿ ಕೂತಿದ್ದ ಹೆಂಗಸರು. ನಗು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಅಕ್ಕ ಗಂಟಲು ಸರಿಯಿಲ್ಲ ಎಂದು ಮೈಕು ಕೊಟ್ಟು ಕೆಳಗಿಳಿದರು. ನನ್ನ ಮಗಳು ನಗುತ್ತಿರಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಆ ಭಾಷೇಲಿ ಹಾಡೋಳು ನಮ್ಮೂರಲ್ಲಿ ನೀನೊಬ್ಳೇ" ಎಂದಳು. ಆಮೇಲೆ, ಕನ್ನಡದ್ದೂ ನಿನ್ನದೇ ದನಿ ಎಂದಳು. ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದು ಇಟ್ಟುಕೊಂಡಳು.

ಮನೆಯಲ್ಲಿ ಆಮೇಲೆ ನಡೆದದ್ದರಲ್ಲಿ ಹೇಳುವಂಥದ್ದು ಅಷ್ಟೇನೂ ಇಲ್ಲ. ಭಾವನವರು ನನ್ನ ಕೈಯಡುಗೆ ಬೇಡವೆಂದು ಕೆಲವು ದಿನ ಹೊರಗೆ ತಿಂದರು. ನಮ್ಮವರು ಅಷ್ಟೊಂದು ಮಾಡಬೇಕಿತ್ತಾ ಎಂದು ಕೇಳಿದರು, ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಅತ್ತೆ ನನ್ನನ್ನು ಹಸು ಎನ್ನುವುದು ಬಿಟ್ಟರು. ನಾನು ಮಾಡಿದ್ದು ಇನ್ನೊಂದೇ ಕೆಲಸ. ಆ ವಿಡಿಯೋದ ಕೆಳಗೆ ಸಾಹಿತ್ಯ, ಗಾಯನ ಎಂದು ನನ್ನ ಹೆಸರು ಬರೆದೆ. ರಾಗ ಹಾಂಗ್‌ಕಾಂಗಿನದೆಂದೂ ಬರೆದೆ. ಅಭಿನಯ ಎಂದು ಅಕ್ಕನ ಹೆಸರು ಹಾಕಿದೆ. ಜನ ಮೊದಲಿಗಿಂತ ಹೆಚ್ಚು ನೋಡತೊಡಗಿದರು, ತುಟಿ ನೋಡ್ರಿ ತುಟಿ ನೋಡ್ರಿ ಎಂದು ಒಬ್ಬರಿಗೊಬ್ಬರು ಕಳಿಸಿದರು.

ಅವರೆಕಾಯಿಯ ಕಾಲ ಬಂದಿತ್ತು. ನೆನೆಸಿದ ಕಾಳನ್ನು ಬೋಗುಣಿಯಲ್ಲಿಟ್ಟುಕೊಂಡು ಸಿಪ್ಪೆ ಹಿಸುಕಿ ತೆಗೆಯುತ್ತಿದ್ದೆ. ಅಕ್ಕ ಬಂದು ಎದುರಿಗೆ ಕೂತರು. ಮಣೆ ಎಳೆದುಕೊಳ್ಳಲೂ ಇಲ್ಲ, ಬರೀ ನೆಲದ ಮೇಲೆ. ಅವರ ಉಗುರುಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಅದನ್ನು ನೋಡಿದೆ. ಸಂತೆಗೆ ಹೋಗೋಕಾಗ್ತಿಲ್ಲ ಎಂದರು. ತರಕಾರಿಯವಳು ಕೂಡ ತುಟಿ ನೋಡುತ್ತಾಳಂತೆ. ಮಗಳ ಅತ್ತೆ ಮನೆಯಲ್ಲೂ ಗೊತ್ತಾಗಿದೆಯಂತೆ.

"ಆ ವಿಡಿಯೋ ತೆಗೆದ್ಬಿಡೇ. ನಿನ್ನ ಹತ್ರಾನೇ ಐತಲ್ಲ ಪಾಸ್‌ವರ್ಡು. ನಿನ್ನ ಕಾಲಿಗೆ ಬೀಳಬೇಕಾ, ಹೇಳು."

ಬೀಳುವುದು ಬೇಡವೆಂದೆ. ದೊಡ್ಡವರು ಬೀಳಬಾರದು.

"ಮತ್ತೆ ತೆಗೀತೀಯಾ?"

ನಾನು ಹಿಸುಕುವುದನ್ನು ನಿಲ್ಲಿಸಲಿಲ್ಲ. ಅಕ್ಕನ ಕೈ ಸುಮ್ಮನೆ ಕೂರಲಾರದ ಕೈ, ತಾನೇ ಮುಂದೆ ಬಂದು ಒಂದು ಹಿಡಿ ಕಾಳು ತೆಗೆದುಕೊಂಡು ಹಿಸುಕತೊಡಗಿತು. ಇಬ್ಬರೂ ಎದುರುಬದುರು ಕೂತು ಅಷ್ಟನ್ನೂ ಮುಗಿಸಿದೆವು. ಸಿಪ್ಪೆಯನ್ನೆಲ್ಲ ಅವರೇ ಸೆರಗಿಗೆ ತಾಗದ ಹಾಗೆ ಬಾಚಿ ಒಂದು ಕಡೆ ಗುಡ್ಡೆ ಮಾಡಿ, ನನ್ನ ಮುಖ ನೋಡಿ, ಮತ್ತೊಂದು ಸಲ ಕೇಳಿದರು.

"ಇಲ್ಲ ಅಕ್ಕ, ಇರ್ಲಿ" ಎಂದು, ಕಾಳು ತೊಳೆಯಲು ಎದ್ದೆ.